ಕ್ರಾಸ್‌ರೋಡ್ಸ್ ಬಾಗಿಲಲ್ಲಿ 50 ರೂಪಾಯಿಯೋ, 60 ರೂಪಾಯಿಯೋ? ಹಾಜಿ ಅಲಿ ಮಾಲಿನ ಅಂಗಡಿ ಪುರಾಣ

ತಾಡದೇವ್_ತಮ್ಮ

ಒಂದು ಬಾಜಿ ಕಟ್ಟಿದ್ದೇನೆ, ತೀರ್ಪು ಹೇಳಿ ಮಾರಾಯ್ರೆ. ಮೊನ್ನೆ ಭಾನುವಾರ ಭಾವನ ಜೊತೆ ಮಹಾಲಕ್ಷ್ಮಿ ದರ್ಶನ ಮುಗಿಸಿ ಹಾಜಿ ಅಲಿ ದಾಟಿ ನಡೆದು ಬರುತ್ತಿದ್ದೆ. ಹಳೇ ಕ್ರಾಸ್‌ರೋಡ್ಸ್ ಜಾಗ ಬಂತು. ಭಾವ ಹೇಳಿದ: "ಇದರೊಳಗೆ ಹೋಗಲಿಕ್ಕೆ ಒಂದು ಕಾಲದಲ್ಲಿ 50 ರೂಪಾಯಿ ಕೊಡಬೇಕಿತ್ತು." ನಾನು 60 ಅಂದೆ. ಹಿಂದೆ ಬರುತ್ತಿದ್ದ ನನ್ನ ಹೆಂಡತಿ, "ಮಾಲಿಗೆ ಯಾರಾದರೂ ಟಿಕೆಟ್ ತೆಗೀತಾರಾ? ಇಬ್ಬರೂ ಬುರುಡೆ" ಅಂದಳು. ಅವಳು ಮುಂಬಯಿಗೆ ಬಂದದ್ದು 2006ರಲ್ಲಿ, ಅವಳ ತಪ್ಪಲ್ಲ.

ಸೋತವರು ಮಾಟುಂಗಾದಲ್ಲಿ ಎಲ್ಲರಿಗೂ ಬಾಳೆಲೆ ಊಟ ಕೊಡಿಸಬೇಕು. ತೀರ್ಪಿನ ಜೊತೆ ಇನ್ನೊಂದು ಬೇಡಿಕೆ: ಒಳಗೆ ಯಾವ ಅಂಗಡಿ ಇತ್ತು, ಯಾವುದು ಯಾವಾಗ ಹೋಯಿತು, ನೆನಪಿದ್ದವರು ಬರೆಯಿರಿ. ನನ್ನ ತಲೆಯಲ್ಲಿ ಎಲ್ಲ ಕಲಸುಮೇಲೋಗರ ಆಗಿದೆ.

ಮಾಟುಂಗಾ_ಮಾಮ

60. ಭಾವನ ಪರ್ಸು ತೆಗೆಸಿ.

ಆದರೆ 60 ಎಲ್ಲರಿಗೂ ಅಲ್ಲ. ಮಾಲು ತೆರೆದದ್ದು 1999ರ ಸೆಪ್ಟೆಂಬರಿನಲ್ಲಿ. ಜನ ಜಾತ್ರೆಯ ಹಾಗೆ ನುಗ್ಗಿದರು. ಕೊಳ್ಳುವವರಿಗಿಂತ ನೋಡುವವರೇ ಹೆಚ್ಚು. ಆಮೇಲೆ ನಿಯಮ ಬಂತು: ಕೈಯಲ್ಲಿ ಮೊಬೈಲ್ ಇರಬೇಕು ಅಥವಾ ಕ್ರೆಡಿಟ್ ಕಾರ್ಡ್ ಇರಬೇಕು, ಎರಡೂ ಇಲ್ಲವಾದರೆ 60 ರೂಪಾಯಿ. ಬಹಳ ಕಾಲ ನಡೆಯಲಿಲ್ಲ, ಪೇಪರಿನಲ್ಲಿ ಗಲಾಟೆಯಾಗಿ ನಿಂತಿತು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಅದೊಂದೇ.

ಈಗಿನ ಹುಡುಗರಿಗೆ "ಮೊಬೈಲ್ ಇದ್ದರೆ ಪ್ರವೇಶ" ಎಂದರೆ ನಗು ಬರುತ್ತದೆ. 1999ರಲ್ಲಿ ಮುಂಬಯಿಯಲ್ಲಿ ಮೊಬೈಲ್ ಎಂದರೆ ಬಿಪಿಎಲ್ ಅಥವಾ ಮ್ಯಾಕ್ಸ್‌ಟಚ್. ಒಳಗೆ ಬರುವ ಕರೆಗೂ ದುಡ್ಡು. ನಮ್ಮ ಓಣಿಯಲ್ಲಿ ಒಬ್ಬ ಹೋಟೆಲ್ ಧಣಿಯ ಹತ್ತಿರ ಮಾತ್ರ ಇತ್ತು. ಅವರು ಅದನ್ನು ಗಲ್ಲಾಪೆಟ್ಟಿಗೆಯ ಮೇಲೆ ದೇವರ ಫೋಟೋದ ಪಕ್ಕ ಇಡುತ್ತಿದ್ದರು. ರಿಂಗಾದರೆ ಎತ್ತುತ್ತಿರಲಿಲ್ಲ, ನಂಬರು ನೋಡಿ ಲ್ಯಾಂಡ್‌ಲೈನಿನಿಂದ ವಾಪಸು ಮಾಡುತ್ತಿದ್ದರು.

ಸ್ಲೋ_ಲೋಕಲ್

ಅಂದರೆ ಮಾಲಿಗೆ ಕೆವೈಸಿ! ಈಗಾದರೆ ಟ್ವಿಟರಿನಲ್ಲಿ ಎರಡು ಗಂಟೆಯಲ್ಲಿ ಮುಗಿಸುತ್ತಿದ್ದರು.

ಕಾಂದಿವಲಿ_ಕನ್ನಡತಿ

ನಾವು ಹೋಗಿದ್ದೆವು! ನವರಾತ್ರಿ ಸಮಯ. ಮಹಾಲಕ್ಷ್ಮಿಗೆ ಉಡಿ ತುಂಬಿಸಿ, ಅಲ್ಲಿಂದ ನಡೆದುಕೊಂಡು. ಅಪ್ಪನ ಆಫೀಸಿನ ಸಾಹೇಬರ ಮೊಬೈಲನ್ನು ಅಪ್ಪ ಆ ದಿನಕ್ಕೆಂದು ಕೇಳಿ ತಂದಿದ್ದರು. ಅದೇ ನಮ್ಮ ಆರು ಜನರ ಪಾಸ್‌ಪೋರ್ಟು. ಅಪ್ಪ ಅದನ್ನು ಅಂಗಿಯ ಜೇಬಿನಲ್ಲಿ ಹಾಕಿ ಕೈಯಿಂದ ಮುಚ್ಚಿಕೊಂಡೇ ನಡೆದರು. ಬಾಗಿಲಲ್ಲಿ ಯಾರೂ ಏನೂ ಕೇಳಲಿಲ್ಲ, ಅಪ್ಪನಿಗೆ ಅದೇ ಬೇಜಾರು.

ಅಮ್ಮ ಎಸ್ಕಲೇಟರ್ ಹತ್ತಲಿಲ್ಲ. ಒಂಬತ್ತು ಗಜದ ಸೀರೆಯ ನೆರಿಗೆ ಎತ್ತಿ ಹಿಡಿದು ಒಂದು ಕಾಲು ಮುಂದಿಡುವುದು, ಮತ್ತೆ ಹಿಂದೆ ತೆಗೆಯುವುದು. ಹಿಂದೆ ಸಾಲು ಬೆಳೆಯಿತು. ಕೊನೆಗೆ "ನೀವು ಹೋಗಿ ಬನ್ನಿ, ನಾನು ಇಲ್ಲೇ ತಂಪಲ್ಲಿ ಕೂತಿರ್ತೇನೆ" ಎಂದು ಕೆಳಗೇ ಕೂತರು. ನಾವು ಮೇಲೆಲ್ಲಾ ಸುತ್ತಿ ಒಂದು ಪೆನ್ಸಿಲ್ ಬಾಕ್ಸ್ ಕೊಂಡು ಬಂದೆವು. ಅಷ್ಟು ಹೊತ್ತಿಗೆ ಅಮ್ಮ ಪಕ್ಕದಲ್ಲಿದ್ದ ಗುಜರಾತಿ ಅಜ್ಜಿಯ ಜೊತೆ ಉಪ್ಪಿನಕಾಯಿ ಪಾಠ ಮುಗಿಸಿದ್ದರು.

ಅಂಗಡಿಗಳ ಪೈಕಿ ನನಗೆ ನೆನಪಿರುವುದು ಪಿರಮಿಡ್ ಮೆಗಾಸ್ಟೋರ್. ದೊಡ್ಡದು, ಬಟ್ಟೆ, ಮನೆ ಸಾಮಾನು ಎಲ್ಲ ಒಂದೇ ಕಡೆ. ಮೇಲಿನ ಮಹಡಿಯಲ್ಲಿ ತಿಂಡಿ, ಆಟದ ಮಷೀನುಗಳು.

ಮಾಟುಂಗಾ_ಮಾಮ

ಪಿರಮಿಡ್ ಹೊರಗಿನವರ ಅಂಗಡಿ ಅಲ್ಲ, ಮಾಲಿನ ಧಣಿಗಳದ್ದೇ. ಪಿರಾಮಲ್ ಗುಂಪಿನದು. ಆ ಜಾಗದ ಕಥೆ ಕೇಳಿ: ಅದು ಮೊದಲು ಔಷಧಿ ಕಾರ್ಖಾನೆ, ಸ್ವಿಸ್ ಕಂಪನಿ ರೋಶ್‌ನದು. 1993ರಲ್ಲಿ ರೋಶ್‌ನ ಭಾರತದ ವ್ಯವಹಾರವನ್ನು ಪಿರಾಮಲ್ ಕೊಂಡಾಗ ತಾಡದೇವಿನ ಈ ಜಾಗವೂ ಬಂತು. ದಕ್ಷಿಣ ಮುಂಬಯಿಯ ನಡು ಹೊಟ್ಟೆಯಲ್ಲಿ ಮಾತ್ರೆ ಮಾಡುತ್ತಾ ಕೂರುವವರು ಯಾರು? ಆರು ವರ್ಷದಲ್ಲಿ ಮಾಲಾಯಿತು. ಮಾತ್ರೆ ಮಾರಿ ಬಂದ ಲಾಭಕ್ಕಿಂತ ಮಾತ್ರೆ ಮಾಡುತ್ತಿದ್ದ ನೆಲದ ಬೆಲೆ ದೊಡ್ಡದು. ಈ ಊರಿನ ಎಲ್ಲ ಮಾಲುಗಳ ಜಾತಕ ಇದೇ.

ಗಿರಣಗಾಂವ್_ಗೌಡ್ರು

ಹೌದ್ರಿ ಮಾಮ, ಖರೇ ಮಾತು. ಲೋಯರ್ ಪರೇಲ್‌ನ ಫೀನಿಕ್ಸ್ ನೋಡ್ರಿ. 1905ರಾಗ ಸುರು ಆದ ಗಿರಣಿ. ನಮ್ಮ ಅಪ್ಪ ಆ ಭಾಗದ ಬ್ಯಾರೆ ಗಿರಣ್ಯಾಗ ಸಾಂಚಾದ (ಮಗ್ಗದ) ಮ್ಯಾಲ ಕೆಲಸಾ ಮಾಡತಿದ್ರು. 1982ರ ಜನವರಿಯೊಳಗ ಕಾರ್ಮಿಕರ ಮುಖಂಡ ದತ್ತಾ ಸಾಮಂತರ ಸಂಪ (ಮುಷ್ಕರ) ಸುರು ಆತು, ಎರಡೂವರಿ ಲಕ್ಷ ಮಂದಿ ಹೊರಗ ಕುಂತ್ರು. ಅಪ್ಪ ಊರಿಗೆ ಹೋಗಿ ಒಂದು ವರ್ಷ ಹೊಲಾ ನೋಡಿ ಮತ್ತ ಬಂದ್ರು, ಗಿರಣಿ ಬಾಗಲಾ ತೆರೀಲಿಲ್ಲ.

ಈಗ ಆ ಫೀನಿಕ್ಸ್‌ನ ಚಿಮಣಿ ಹಂಗ ನಿಂತೈತಿ, ಕೆಳಗ ಕಾಫಿ ಅಂಗಡಿ. ಮೊದಲ ಬೌಲಿಂಗ್ ಆಲಿ ಬಂತು, ಆಮ್ಯಾಲ ಬಿಗ್ ಬಜಾರ್ ಬಂತು. ಬಿಗ್ ಬಜಾರ್‌ದಾಗ ನಮ್ಮ ಚಾಳಿನ ಮಂದಿ ಎಲ್ಲಾ ಹೋಗತಿದ್ರು, ಅಕ್ಕಿ, ಬಕೀಟು, ಚಾದರ ತರತಿದ್ರು. ಅದರ ಹಿಂದಿಂದ ಪಲೇಡಿಯಂ ಅನ್ನೋ ದುಬಾರಿ ಮಾಲ್ ಎದ್ದು ನಿಂತ ಮ್ಯಾಲ ಅಂಗಡಿ ಹೆಸರು ಓದಾಕನೂ ನನ್ನ ಮಗಳನ್ನ ಕೇಳಬೇಕು. ಒಂದ ಅಂಗಳ, ಅದರಾಗ ಬಕೀಟು ಹೋಗಿ ಸಾವಿರಗಟ್ಟಲೆ ರೂಪಾಯಿ ಚಪ್ಪಲಿ ಬಂದ್ವು. ಅವರು ಗೆದ್ದಾರ, ಸುಳ್ಳು ಹೇಳಾಕ ಬರಂಗಿಲ್ಲ. ಆದರ ನಾವು ಹೋಗೂದು ಬಿಟ್ಟಿವಿ.

ತಾಡದೇವ್_ತಮ್ಮ

ಗೌಡ್ರೇ, ಅದೇ ನನ್ನ ಪ್ರಶ್ನೆ. ಫೀನಿಕ್ಸ್ ಅಗ್ಗದಿಂದ ದುಬಾರಿಗೆ ಹತ್ತಿತು, ಉಳಿಯಿತು. ಕ್ರಾಸ್‌ರೋಡ್ಸ್ ದುಬಾರಿಯಲ್ಲಿ ಶುರುವಾಗಿ ಅಗ್ಗಕ್ಕೆ ಇಳಿಯಿತು, ಸತ್ತಿತು. ಕಾರಣ ಎಂತ?

ಮಾಟುಂಗಾ_ಮಾಮ

ನನ್ನ ಲೆಕ್ಕ ಹೇಳುತ್ತೇನೆ, ಒಪ್ಪದವರು ಜಗಳ ಮಾಡಬಹುದು.

ಒಂದನೆಯದು ಅಳತೆ. ಕ್ರಾಸ್‌ರೋಡ್ಸ್ ಸುಮಾರು ಒಂದೂವರೆ ಲಕ್ಷ ಚದರಡಿ. 1999ರಲ್ಲಿ ಅದು ಅರಮನೆ. ಐದು ವರ್ಷದಲ್ಲಿ ಮಾಲಾಡಿನ ಇನಾರ್ಬಿಟ್ ಬಂತು, 2004ರಲ್ಲಿ. ಅದರ ಮುಂದೆ ಇದು ಕಿರಾಣಿ ಅಂಗಡಿ. ಅಷ್ಟು ದಿನ ಕಾಂದಿವಲಿ, ಬೊರಿವಲಿಯವರು ಮಾಲು ನೋಡಲು ಟ್ರೈನ್ ಹತ್ತಿ ಇಲ್ಲಿಗೆ ಬರುತ್ತಿದ್ದರು, ಆಮೇಲೆ ಯಾಕೆ ಬರುತ್ತಾರೆ?

ಎರಡನೆಯದು ನೆರೆಹೊರೆ. ಪೆಡ್ಡರ್ ರೋಡ್, ಬ್ರೀಚ್ ಕ್ಯಾಂಡಿಯ ಶ್ರೀಮಂತರು ಪಕ್ಕದಲ್ಲೇ ಇದ್ದಾರೆ ಎಂದು ಕಟ್ಟಿದರು. ಆ ಮಂದಿ ಲಂಡನ್ನಿನಲ್ಲಿ ಕೊಳ್ಳುವವರು. ಲಂಡನ್ನಿಗೆ ಹೋಗದವರು ಹಾಜಿ ಅಲಿ ಎದುರಿನ ಹೀರಾ ಪನ್ನಾದಲ್ಲಿ ಕೊಳ್ಳುತ್ತಿದ್ದರು: ವಿದೇಶಿ ಸೆಂಟು, ವಾಚು, ಚಾಕಲೇಟು, ಚೌಕಾಸಿ ಮಾಡಿ. ನಿಜಕ್ಕೂ ಮಾಲಿಗೆ ಬಂದವರು ತಾಡದೇವ್, ಗ್ರಾಂಟ್ ರೋಡ್, ಮುಂಬಯಿ ಸೆಂಟ್ರಲ್ ಕಡೆಯ ಮಧ್ಯಮ ವರ್ಗದವರು. ಅವರನ್ನೇ ಮೊದಮೊದಲು ಬಾಗಿಲಲ್ಲಿ ಜೇಬು ಮುಟ್ಟಿಸಿ ನೋಡಿದ್ದು.

ಅದೇ 1999ರಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಷೇರು ಪೇಟೆಯ ರಾಧಾಕಿಶನ್ ದಮಾನಿ ನೇರುಳ್‌ನಲ್ಲಿ ಅಪ್ನಾ ಬಜಾರಿನ ಒಂದು ಫ್ರಾಂಚೈಸಿ ತೆಗೆದುಕೊಂಡರು. ಅಪ್ನಾ ಬಜಾರ್ ಎಂದರೆ 1948ರಲ್ಲಿ ನಾಯ್‌ಗಾಂವಿನಲ್ಲಿ ಗಿರಣಿ ಕಾರ್ಮಿಕರು ಹುಟ್ಟುಹಾಕಿದ ಸಹಕಾರಿ. ಅಲ್ಲಿ ಕಲಿತು 2002ರಲ್ಲಿ ಪವಾಯಿಯಲ್ಲಿ ಡಿಮಾರ್ಟ್ ತೆರೆದರು. ಎಸ್ಕಲೇಟರ್ ಇಲ್ಲ, ಕಾರಂಜಿ ಇಲ್ಲ, ಕೂರಲು ಜಾಗವೂ ಇಲ್ಲ. ತೊಗರಿಬೇಳೆ ಎರಡು ರೂಪಾಯಿ ಅಗ್ಗ. ಆದಷ್ಟು ಕಟ್ಟಡಗಳನ್ನು ಬಾಡಿಗೆಗೆ ಹಿಡಿಯದೆ ಕೊಂಡೇಬಿಟ್ಟರು. ಇವತ್ತು ಯಾರು ಎಲ್ಲಿದ್ದಾರೆ, ನಾನು ಹೇಳಬೇಕಾಗಿಲ್ಲ.

ಸ್ಲೋ_ಲೋಕಲ್

ಮಾಮ, ಡಿಮಾರ್ಟ್ ಬೇರೆ ಆಟ, ಮಾಲ್ ಬೇರೆ ಆಟ. ಕಬಡ್ಡಿಯವನನ್ನು ಚೆಸ್ ಆಡುವವನ ಜೊತೆ ತೂಗಬಾರದು. ಇನ್ನೊಂದು: "ಭಾರತದ ಮೊದಲ ಮಾಲ್" ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಮದ್ರಾಸಿನವರು ಸ್ಪೆನ್ಸರ್ ಪ್ಲಾಜಾ ಹಿಡಿದುಕೊಂಡು ಬರುತ್ತಾರೆ. ಮುಂಬಯಿಯ ಮೊದಲನೆಯದು ಅನ್ನಿ, ಸಾಕು.

ಮಾಟುಂಗಾ_ಮಾಮ

ಒಪ್ಪಿದೆ. ಆದರೆ ತಾಡದೇವಿನವರು ಎಸಿ ಮಾರ್ಕೆಟ್ ಹಿಡಿದುಕೊಂಡು ಬಂದರೆ? ಅದೂ ಮೊದಲೇ ಇತ್ತು, ಹೆಸರಿನಲ್ಲೇ ಎಸಿ ಇತ್ತು. ಫೋರ್ಟಿನ ಅಕ್ಬರಲೀಸ್ ಅದಕ್ಕೂ ಹಳೆಯದು. ಸೂಜಿಯಿಂದ ಸೂಟ್‌ಕೇಸಿನ ತನಕ ಒಂದೇ ಸೂರಿನಡಿ ಎನ್ನುವುದು 1999ರಲ್ಲಿ ಹುಟ್ಟಿದ್ದಲ್ಲ.

ಬಾಡಿಗೆದಾರ

ನಾನು ಸಾಮಾನ್ಯವಾಗಿ ಓದಿ ಸುಮ್ಮನಿರುವವನು. ಆದರೆ "ಅಂಗಡಿಗಳು ಯಾಕೆ ಬದಲಾಗುತ್ತವೆ" ಎಂದು ಕೇಳಿದ್ದೀರಿ. ನಾನೇ ಬದಲಾದ ಅಂಗಡಿ.

ಕ್ರಾಸ್‌ರೋಡ್ಸ್ ಅಲ್ಲ. ಉಪನಗರದ ಬೇರೊಂದು ಮಾಲು, ಹೆಸರು ಬೇಡ. 2012ರಲ್ಲಿ ಇಳಕಲ್ ಸೀರೆ, ಗುಳೇದಗುಡ್ಡ ಖಣ ಇಟ್ಟು ಎರಡನೇ ಮಹಡಿಯಲ್ಲಿ ಅಂಗಡಿ ಹಾಕಿದೆ. ಒಂಬತ್ತು ತಿಂಗಳು ನಡೆಸಿದೆ. ಹೊರಗಿನಿಂದ ನೋಡುವವರಿಗೆ ಗೊತ್ತಾಗದ ಕೆಲವು ಸಂಗತಿ ಹೇಳುತ್ತೇನೆ.

ಬಾಡಿಗೆ ಕರಾರಿನಲ್ಲಿ 300 ಚದರಡಿ ಎಂದಿತ್ತು. ಟೇಪು ಹಿಡಿದು ಅಳೆದರೆ ಒಳಗೆ ಸಿಕ್ಕಿದ್ದು 170. ಉಳಿದದ್ದು ಕಾರಿಡಾರು, ಲಿಫ್ಟು, ಸಂಡಾಸು, ಎಲ್ಲದರಲ್ಲೂ ನನ್ನ ಪಾಲು. ಇದು ಮೋಸ ಅಲ್ಲ, ಎಲ್ಲಾ ಮಾಲಿನಲ್ಲೂ ಹೀಗೇ, ನಾನು ಕೇಳಿರಲಿಲ್ಲ ಅಷ್ಟೇ. ಅದರ ಮೇಲೆ ನಿರ್ವಹಣಾ ಶುಲ್ಕ ಬೇರೆ, ಎಸಿ, ದೀಪ, ಕಾವಲಿಗೆ. ಬಾಡಿಗೆಯಲ್ಲೂ ಎರಡು ದಾರಿ: ಒಂದು ನಿಶ್ಚಿತ ಮೊತ್ತ, ಇನ್ನೊಂದು ಮಾರಾಟದಲ್ಲಿ ಪಾಲು. ಯಾವುದು ಹೆಚ್ಚೋ ಅದನ್ನು ಕೊಡಬೇಕು. ನನ್ನದು ಯಾವಾಗಲೂ ನಿಶ್ಚಿತವೇ ಹೆಚ್ಚಾಗುತ್ತಿತ್ತು, ಹೇಳಬೇಕಿಲ್ಲ.

ನೆಲಮಹಡಿಯಲ್ಲಿ ಒಂದು ದೊಡ್ಡ ಬಟ್ಟೆ ಅಂಗಡಿ ಇತ್ತು. ಅಂಥವರನ್ನು ಆಂಕರ್ ಅನ್ನುತ್ತಾರೆ, ಹಡಗಿನ ಲಂಗರು. ಅವರು ಚದರಡಿಗೆ ಕೊಡುವುದು ನಾವು ಕೊಡುವುದರ ಒಂದು ಚೂರು. ಯಾಕೆಂದರೆ ಜನ ಬರುವುದು ಅವರಿಗಾಗಿ. ನಾವು ಬದುಕುವುದು ಅವರ ಹತ್ತಿರ ಬಂದವರು ವಾಪಸು ಹೋಗುವಾಗ ತಲೆ ಎತ್ತಿ ನೋಡಿದರೆ ಮಾತ್ರ. ಒಂದು ದಿನ ಆ ಲಂಗರು ಎದ್ದು ಹೋಯಿತು. ಮೂರು ವಾರದಲ್ಲಿ ನಮ್ಮ ಮಹಡಿಯ ಇಳಿಯುವ ಎಸ್ಕಲೇಟರ್ ನಿಲ್ಲಿಸಿದರು, ಕರೆಂಟು ಉಳಿಸಲು. ಹತ್ತುವುದು ಮಾತ್ರ ಓಡುತ್ತಿತ್ತು. ಹತ್ತಿ ಬಂದವರು ನಡೆದು ಇಳಿಯಬೇಕು. ಆಮೇಲೆ ಹತ್ತುವವರೂ ಕಡಿಮೆಯಾದರು. ಮಧ್ಯಾಹ್ನ ನಾನು, ಎದುರಿನ ಕೃತಕ ಒಡವೆಯ ಹುಡುಗಿ, ಕಾವಲುಗಾರ, ಮೂವರೇ. ಅವನು ಕಲಬುರಗಿಯವನು. ಕನ್ನಡ ಮಾತಾಡಲು ಸಿಕ್ಕ ಲಾಭ ಒಂದೇ.

ಠೇವಣಿ ಆರು ತಿಂಗಳದ್ದು. ಅವಧಿಗೆ ಮೊದಲೇ ಬಿಟ್ಟರೆ ಅದು ಹೋಯಿತು ಎಂದು ಕರಾರಿನಲ್ಲಿತ್ತು, ಹೋಯಿತು. ಈಗ ಡೊಂಬಿವಲಿಯ ಮನೆಯಿಂದಲೇ ವಾಟ್ಸಾಪಿನಲ್ಲಿ ಸೀರೆ ಮಾರುತ್ತೇನೆ. ಆ ಒಂಬತ್ತು ತಿಂಗಳಲ್ಲಿ ಮಾರಿದ್ದಕ್ಕಿಂತ ಹೆಚ್ಚು ಈ ದಸರೆಗೆ ಮಾರಿದೆ.

ಕಾಂದಿವಲಿ_ಕನ್ನಡತಿ

ಖಣದ ಬ್ಲೌಸ್ ಪೀಸ್ ಇದೆಯೇ? ನೀಲಿ ಬೇಕು.

ನಿರ್ವಾಹಕ

ವ್ಯಾಪಾರ ಖಾಸಗಿ ಸಂದೇಶದಲ್ಲಿ ಇರಲಿ ದಯವಿಟ್ಟು. ಆದರೂ ನನಗೂ ಎರಡು.

ಸ್ಲೋ_ಲೋಕಲ್

ಬಾಡಿಗೆದಾರರೇ, ನಿಮ್ಮ ಮಾಲಿನಲ್ಲಿ ಧಣಿ ಒಬ್ಬನೇ ಇದ್ದ, ಕೊನೆಗೆ ಜಗಳವಾಡಲು ಒಂದು ಮುಖ ಇತ್ತು. ಅಂಗಡಿ ಅಂಗಡಿಯನ್ನೇ ಬಿಡಿಬಿಡಿಯಾಗಿ ಮಾರಿದ ಮಾಲುಗಳ ಗತಿ ಇನ್ನೂ ಕೆಟ್ಟದ್ದು. ಭಾಂಡೂಪಿನ ಡ್ರೀಮ್ಸ್ ಮಾಲ್ ನೋಡಿ. ಎಷ್ಟೋ ನೂರು ಮಾಲೀಕರು, ಕೊನೆಗೆ ಕಂಪನಿ ನ್ಯಾಯಮಂಡಳಿ ಆಡಳಿತಾಧಿಕಾರಿಯನ್ನು ನೇಮಿಸಬೇಕಾಯಿತು. 2021ರ ಮಾರ್ಚಿನಲ್ಲಿ ಬೆಂಕಿ ಬಿದ್ದಾಗ ಅದೇ ಕಟ್ಟಡದ ಮೇಲ್ಮಹಡಿಯಲ್ಲಿ ಕೋವಿಡ್ ರೋಗಿಗಳಿದ್ದ ಆಸ್ಪತ್ರೆ ಇತ್ತು. ಜನ ಸತ್ತರು. ಅದಕ್ಕೆ ಐದು ತಿಂಗಳ ಹಿಂದೆ, 2020ರ ಅಕ್ಟೋಬರಿನಲ್ಲಿ, ಮುಂಬಯಿ ಸೆಂಟ್ರಲ್ ಹತ್ತಿರದ ಸಿಟಿ ಸೆಂಟರ್ ಮಾಲಿನ ಬೆಂಕಿ ಆರಲು ಎರಡು ದಿನಕ್ಕಿಂತ ಹೆಚ್ಚು ಹಿಡಿಯಿತು. ಒಳಗೆಲ್ಲ ಮೊಬೈಲ್ ಅಂಗಡಿಗಳು. ಪಕ್ಕದ ಗೋಪುರದ ಸಾವಿರಾರು ಮಂದಿಯನ್ನು ರಾತ್ರೋರಾತ್ರಿ ಕೆಳಗಿಳಿಸಿದರು.

ತಾಡದೇವ್_ತಮ್ಮ

ಆ ಹೊಗೆ ನಮ್ಮ ಟೆರೇಸಿನಿಂದ ಕಾಣುತ್ತಿತ್ತು. ಆ ವಿಷಯ ಬೇರೆಯೇ ಎಳೆ ಮಾಡೋಣ, ಇಲ್ಲಿ ಬೇಡ.

ಕ್ರಾಸ್‌ರೋಡ್ಸ್ ಹೆಸರು ಹೋಗಿ ಅದು ಸೋಬೋ ಸೆಂಟ್ರಲ್ ಆದದ್ದು ಹೇಗೆ ಎಂದು ಯಾರೂ ಹೇಳಲಿಲ್ಲ.

ಮಾಟುಂಗಾ_ಮಾಮ

ಪಿರಾಮಲ್ ಕೈಯಿಂದ ಕಿಶೋರ್ ಬಿಯಾನಿಯವರ ಗುಂಪಿಗೆ ಹೋಯಿತು. ಆಗಿನ ಪ್ಯಾಂಟಲೂನ್ಸ್, ಬಿಗ್ ಬಜಾರ್‌ನವರು. ಅವರ ಬಳಿ "ಸೆಂಟ್ರಲ್" ಎಂಬ ಮಾದರಿ ಇತ್ತು, ಮೊದಲನೆಯದನ್ನು ನಮ್ಮ ಬೆಂಗಳೂರಿನಲ್ಲೇ 2004ರಲ್ಲಿ ತೆರೆದಿದ್ದರು. ಮಾಲಿಗೂ ಸೆಂಟ್ರಲ್‌ಗೂ ಒಂದು ಮುಖ್ಯ ವ್ಯತ್ಯಾಸ: ಮಾಲಿನಲ್ಲಿ ಪ್ರತಿ ಅಂಗಡಿಗೆ ಗೋಡೆ, ಬಾಗಿಲು, ಪ್ರತ್ಯೇಕ ಬಿಲ್ಲು. ಸೆಂಟ್ರಲ್‌ನಲ್ಲಿ ಗೋಡೆ ಇಲ್ಲ. ಶರ್ಟು ಒಂದು ಕಂಪನಿಯದು, ಬೆಲ್ಟು ಇನ್ನೊಂದರದು, ಎಲ್ಲ ಸೇರಿ ಒಂದೇ ಕೌಂಟರಿನಲ್ಲಿ ದುಡ್ಡು. ಬಾಡಿಗೆದಾರರು ಹೇಳಿದ ನಿಶ್ಚಿತ ಬಾಡಿಗೆಯ ತಲೆನೋವು ಅಲ್ಲಿ ಕಂಪನಿಗಳಿಗೆ ಕಡಿಮೆ. ಆದರೆ ತಿರುಗಾಡುವ ಸುಖವೂ ಕಡಿಮೆ. ಗೋಡೆ ತೆಗೆದ ಮೇಲೆ ಅದು ಮಾಲಾಗಿ ಉಳಿಯಲಿಲ್ಲ, ದೊಡ್ಡ ಬಟ್ಟೆ ಅಂಗಡಿಯಾಯಿತು. ಬಟ್ಟೆ ಅಂಗಡಿಗೆ ವರ್ಷಕ್ಕೆರಡು ಸಲ ಹೋಗುತ್ತೇವೆ, ಮಾಲಿಗೆ ಪ್ರತಿ ಶನಿವಾರ.

2020ರ ಮಾರ್ಚಿನಲ್ಲಿ ಲಾಕ್‌ಡೌನ್. ಮಹಾರಾಷ್ಟ್ರದಲ್ಲಿ ಮಾಲು ತೆರೆಯಲು ಆಗಸ್ಟ್ 5 ಬರಬೇಕಾಯಿತು, ಮರುವರ್ಷ ಮತ್ತೆ ಬೀಗ. ಉಳಿದವರು ಏದುಸಿರು ಬಿಡುತ್ತಾ ಎದ್ದರು. ಇದು ಏಳಲಿಲ್ಲ, ಯಾಕೆಂದರೆ ಅದರ ಹಿಂದಿದ್ದ ಗುಂಪೇ ಸಾಲದಲ್ಲಿ ಮುಳುಗುತ್ತಿತ್ತು. 2022ರಲ್ಲಿ ಬಿಯಾನಿಯವರ ಫ್ಯೂಚರ್ ರಿಟೇಲ್ ದಿವಾಳಿ ಪ್ರಕ್ರಿಯೆಗೆ ಹೋಯಿತು. 2024ರಲ್ಲಿ ಈ ಕಟ್ಟಡವನ್ನು ಕೆ. ರಹೇಜಾ ಕಾರ್ಪ್ 476 ಕೋಟಿಗೆ, ಬ್ಯಾಂಕುಗಳ ಬಾಕಿ ತೀರಿಸುವ ಒಪ್ಪಂದದಲ್ಲಿ ತೆಗೆದುಕೊಂಡಿತು.

ಈ ರಹೇಜಾ ಯಾರು? 1991ರಲ್ಲಿ ಅಂಧೇರಿಯಲ್ಲಿ ಶಾಪರ್ಸ್ ಸ್ಟಾಪ್ ಶುರು ಮಾಡಿದವರು. ಆಗ ಅದು ಗಂಡಸರ ಬಟ್ಟೆಯ ಅಂಗಡಿ ಮಾತ್ರ. 2004ರಲ್ಲಿ ಮಾಲಾಡಿನಲ್ಲಿ ಇನಾರ್ಬಿಟ್ ತೆರೆದು ಕ್ರಾಸ್‌ರೋಡ್ಸಿನ ಗಿರಾಕಿ ಎಳೆದುಕೊಂಡವರೂ ಅವರೇ. ಇಪ್ಪತ್ತು ವರ್ಷದ ಮೇಲೆ ಗೋಡೆಗಳನ್ನೂ ಎಳೆದುಕೊಂಡರು.

ಗಿರಣಗಾಂವ್_ಗೌಡ್ರು

ಹೊಳೀ ನೀರು ಕಡೀಗೆ ಸಮುದ್ರಕ್ಕ. ಮತ್ತ ಮಾಲ್ ಮಾಡತಾರೇನ್ರಿ?

ಸ್ಲೋ_ಲೋಕಲ್

ಕೋಸ್ಟಲ್ ರೋಡಿಗೆ ಹಾಜಿ ಅಲಿಯಲ್ಲೇ ಇಳಿಜಾರು ಕೊಟ್ಟಿದ್ದಾರೆ. ವರ್ಲಿಯಿಂದ, ನರಿಮನ್ ಪಾಯಿಂಟಿನಿಂದ ಕಾರು ಸರ್ರನೆ ಬಂದು ಬೀಳುತ್ತದೆ. ಆ ನೆಲದಲ್ಲಿ ಎಷ್ಟು ಮಹಡಿ ಎಬ್ಬಿಸಬಹುದು ಎಂಬ ಲೆಕ್ಕ ಎಲ್ಲರೂ ಹಾಕಿಯೇ ಇರುತ್ತಾರೆ. ಬಿಕೆಸಿಯಲ್ಲಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಜಿಯೋ ವರ್ಲ್ಡ್ ಪ್ಲಾಜಾ ಎಂಬ ಐಷಾರಾಮಿ ಮಾಲು 2023ರಲ್ಲಿ ತೆರೆದ ಮೇಲೆ ಲಂಡನ್ನಿನ ಗಿರಾಕಿಗಳಿಗೂ ಇಲ್ಲೇ ಅಂಗಡಿ ಸಿಕ್ಕಿದೆ. ಕ್ರಾಸ್‌ರೋಡ್ಸ್ ಕಾದದ್ದು ಅವರಿಗೇ. ಕಾಲು ಶತಮಾನ ಬೇಗ ಬಂತು, ಪಾಪ.

ಕಾಂದಿವಲಿ_ಕನ್ನಡತಿ

ಬೇಗ ಬಂದದ್ದು ನಿಜ. ಆದರೆ ಅಲ್ಲಿಗೆ ಹೋಗಿದ್ದ ನಮ್ಮಂಥವರಿಗೆ ಅದು ಸೋತ ಮಾಲು ಅಲ್ಲ. ಕಾಂದಿವಲಿ ಚಾಳಿನ ಖೋಲಿಯಲ್ಲಿ ಒಂದೇ ಫ್ಯಾನು, ಅಲ್ಲಿ ಪುಕ್ಕಟೆ ಎಸಿ. ಆ ಪೆನ್ಸಿಲ್ ಬಾಕ್ಸನ್ನು ಶಾಲೆಗೆ ಒಯ್ಯದೆ ಎರಡು ವರ್ಷ ಕಪಾಟಿನಲ್ಲಿ ಇಟ್ಟಿದ್ದೆ. ಅಮ್ಮ ಈಗ ಎಸ್ಕಲೇಟರ್ ಹತ್ತುತ್ತಾರೆ, ಘಾಟ್ಕೋಪರ್ ಮೆಟ್ರೋದಲ್ಲಿ ಕಲಿತರು. ಸಲ್ವಾರ್ ಹಾಕಲು ಶುರು ಮಾಡಿದ್ದೂ ಅದಕ್ಕೇ ಇರಬೇಕು.

ಭಾವ_1967

ನಾನೇ ಆ ಭಾವ. ತಮ್ಮ ಲಿಂಕ್ ಕಳಿಸಿ ಓದು ಅಂದ. ಎಲ್ಲ ಓದಿದೆ, ಸೋಲು ಒಪ್ಪಿದೆ. 50 ಯಾಕೆ ತಲೆಯಲ್ಲಿ ಕೂತಿತು ಅಂತ ನಿನ್ನೆ ರಾತ್ರಿ ಯೋಚಿಸಿ ಹಿಡಿದೆ. ಆ ದಿನ ನಾವು ಇಬ್ಬರು ಸ್ನೇಹಿತರು ಕ್ರಾಸ್‌ರೋಡ್ಸ್ ಹೊರಗಿನ ಜಂಗುಳಿ ನೋಡಿ, ಒಳಗೆ ಆಮೇಲೆ ಹೋದರಾಯಿತು ಅಂತ ಹಾಜಿ ಅಲಿ ಹತ್ತಿರ ಸೀತಾಫಲ ಕ್ರೀಮ್ ತಿಂದೆವು. ಇಬ್ಬರಿಗೂ ಸೇರಿ 50 ರೂಪಾಯಿ. ನಮ್ಮ ಹೋಟೆಲಿನಲ್ಲಿ ಆಗ ಮಸಾಲೆ ದೋಸೆಗೆ 15. ಮೂರು ದೋಸೆಯ ದುಡ್ಡು ಹೊಟ್ಟೆಗೆ ಹೋಯಿತಲ್ಲ ಅಂತ ಸ್ನೇಹಿತ ದಾರಿಯುದ್ದಕ್ಕೂ ಗೊಣಗಿದ. ಆ ಲೆಕ್ಕ ಈ ಲೆಕ್ಕಕ್ಕೆ ಸೇರಿಹೋಗಿದೆ.

ಬರುವ ಭಾನುವಾರ 12 ಗಂಟೆಗೆ ಮಾಟುಂಗಾ ಸ್ಟೇಷನ್ ಪೂರ್ವಕ್ಕೆ ಬನ್ನಿ. ಎಷ್ಟು ಜನ ಅಂತ ಮೊದಲೇ ಹೇಳಿ, ಟೋಕನ್ ತೆಗೆದು ನಿಲ್ಲಬೇಕು.

ಬಾಡಿಗೆದಾರ

ನಾನು, ಮನೆಯವರು. ನೀಲಿ ಖಣ ಎರಡು ತರುತ್ತೇನೆ.

ನಿರ್ವಾಹಕ

ಮೂರು ತನ್ನಿ.

ಮಾಟುಂಗಾ_ಮಾಮ

12ಕ್ಕೆ ಬಂದರೆ ಎರಡು ಗಂಟೆಗೆ ಎಲೆ ಸಿಗುತ್ತದೆ. 11ಕ್ಕೇ ಬನ್ನಿ. ಕಾರು ತರಬೇಡಿ.